ವಿಶೇಷ ಶಿಕ್ಷಕರೇ, ನಿಮ್ಮ ದಣಿವು ಯಾವ ಬಗೆಯದು? ಗುರುತಿಸುವ, ದಾರಿ ಹುಡುಕುವ ಕ್ರಮ

"ಮಕ್ಕಳ ಮೇಲೆ ಪ್ರೀತಿ ಇದೆ. ಆದರೂ ಬೆಳಿಗ್ಗೆ ಶಾಲೆಗೆ ಹೊರಡಲು ಮನಸ್ಸೇ ಬರುವುದಿಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?" ವಿಶೇಷ ಮಕ್ಕಳಿಗೆ ಪಾಠ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೆಲವರು ಬೇರೆ ರೀತಿ ಕೇಳುತ್ತಾರೆ. ಮನೆಗೆ ಬಂದರೆ ಸ್ವಂತ ಮಗುವಿನ ಮೇಲೆ ರೇಗುತ್ತೇನೆ ಅನ್ನುತ್ತಾರೆ. ಭಾನುವಾರ ಸಂಜೆಯೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ ಅನ್ನುತ್ತಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನೀವು ಸುಸ್ತಾಗಿದ್ದೀರಿ ಅಂದರೆ ಮಕ್ಕಳ ಮೇಲಿನ ಪ್ರೀತಿ ಕಮ್ಮಿಯಾಗಿದೆ ಅಂತ ಅರ್ಥವಲ್ಲ. "ದೇವರು ನಿಮಗೆ ಎಷ್ಟು ತಾಳ್ಮೆ ಕೊಟ್ಟಿದ್ದಾನೆ ಮೇಡಂ" ಅಂತ ಜನ ಹೊಗಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಆ ಮಾತು ಕೇಳಿಸಿಕೊಂಡ ಮೇಲೆ "ನನಗೆ ಸಾಕಾಗಿದೆ" ಅನ್ನಲು ಬಾಯಿ ಬರುವುದಿಲ್ಲ. ಇನ್ನೊಂದು ಕಡೆ, ಎಲ್ಲಾ ಬಗೆಯ ದಣಿವಿಗೂ "ಒತ್ತಡ" ಅಂತ ಒಂದೇ ಹೆಸರಿಟ್ಟು, ಒಂದು ದಿನದ ಯೋಗ ಶಿಬಿರ ಮಾಡಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಯೋಗ ಬೇಡ ಅನ್ನುತ್ತಿಲ್ಲ. ಸೊಂಟನೋವಿಗೆ ಬೇಕಾದ ಪರಿಹಾರ ಬೇರೆ, ಮಗು ತೀರಿಕೊಂಡ ದುಃಖಕ್ಕೆ ಬೇಕಾದ್ದು ಬೇರೆ, ಖಾಲಿ ಹುದ್ದೆಗೆ ಬೇಕಾದ್ದು ಬೇರೆ. ಅದಕ್ಕೇ ಈ ಕ್ರಮದಲ್ಲಿ ಮೊದಲ ಕೆಲಸ, ಬೇರೆ ಬೇರೆ ಮಾಡಿ ನೋಡುವುದು.

ಬೇಕಾಗಿರುವುದು: ಒಂದು ಚಿಕ್ಕ ನೋಟ್‌ಬುಕ್ಕು, ದಿನಕ್ಕೆ ಹತ್ತು ನಿಮಿಷ, ನಂಬಿಕೆಯ ಒಬ್ಬ ಸಹೋದ್ಯೋಗಿ.

ತುರ್ತು ಸೂಚನೆ: ಬದುಕೇ ಬೇಡ, ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮುಂದೆ ಓದುತ್ತಾ ಕೂರಬೇಡಿ. ಈಗಲೇ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಂತ 1: ಎರಡು ವಾರ ಬರೆಯಿರಿ

ದಿನವೂ ಶಾಲೆ ಬಿಟ್ಟ ಮೇಲೆ ಮೂರು ಸಾಲು ಸಾಕು. ಇವತ್ತು ಯಾವಾಗ ಜಾಸ್ತಿ ಕಷ್ಟವಾಯಿತು, ಆಗ ಏನು ನಡೀತಿತ್ತು, ಮೈಯಲ್ಲಿ ಮನಸ್ಸಲ್ಲಿ ಏನಾಯಿತು. ಹೀಗಿರಬಹುದು:

"ಮಂಗಳವಾರ, 11.20. ಇಬ್ಬರನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋಗಿ ಬಂದೆ. ಆಯಾ ರಜೆ. ಸೊಂಟ ಹಿಡಿಯಿತು."

"ಬುಧವಾರ, ಸಂಜೆ. ಒಂದು ಮಗುವಿನ ತಾಯಿ ಅತ್ತರು. ರಾತ್ರಿ ಊಟ ಸೇರಲಿಲ್ಲ."

"ಗುರುವಾರ. ಏನೂ ಆಗಲಿಲ್ಲ. ಆದರೂ ಮಕ್ಕಳ ಮುಖ ನೋಡಲು ಬೇಜಾರು."

ಎರಡು ವಾರ ಕಳೆದ ಮೇಲೆ ಓದಿದರೆ ಸಾಲುಗಳು ತಾವಾಗಿಯೇ ಗುಂಪಾಗುತ್ತವೆ. ಮೊದಲನೆಯದು ಮೈ ದಣಿವು. ಎರಡನೆಯದು, ಮಗುವಿನ ಮತ್ತು ಮನೆಯವರ ನೋವು ನಮಗೆ ಅಂಟಿಕೊಂಡಿರುವುದು. ಮೂರನೆಯದಕ್ಕೆ ಬರ್ನ್‌ಔಟ್ ಅನ್ನುತ್ತಾರೆ. ತುಂಬಾ ಕಾಲ ಎಳೆದ ಕೆಲಸದ ಒತ್ತಡದಿಂದ ಆಗುವ ಸ್ಥಿತಿ ಅದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ಕಾಯಿಲೆಗಳ ಹೊಸ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿದೆ: ಶಕ್ತಿಯೇ ಬರಿದಾದ ಹಾಗೆ ಅನಿಸುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಇಲ್ಲವೇ ಅದರ ಬಗ್ಗೆ ಕಹಿ ಹುಟ್ಟುವುದು, ತಾನು ಮಾಡುತ್ತಿರುವುದರಿಂದ ಏನೂ ಪ್ರಯೋಜನವಿಲ್ಲ ಅನಿಸುವುದು. ಸಂಸ್ಥೆ ಇದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಅಂತಲೇ ಸೇರಿಸಿದೆ. ಅಂದರೆ ಸರಿಪಡಿಸುವಾಗ ಕೆಲಸದ ಕಡೆಗೂ ನೋಡಬೇಕು. ಬರೀ ನಿಮ್ಮನ್ನು ತಿದ್ದಿದರೆ ಸಾಲದು.

ಎಚ್ಚರಿಕೆ: ನೋಟ್‌ಬುಕ್ಕಿನಲ್ಲಿ ಮಗುವಿನ ಹೆಸರು ಬರೆಯಬೇಡಿ. ಫೋಟೋ ತೆಗೆದು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಲೇಬೇಡಿ.

ಹಂತ 2: ಹೊರೆಯನ್ನು ಅಂಕಿಯಲ್ಲಿ ಹೇಳಿ

ಮೈ ದಣಿವು, ಕೆಲಸದ ಹೊರೆ ಎರಡನ್ನೂ ಮುಖ್ಯ ಶಿಕ್ಷಕರ ಹತ್ತಿರ, ಇಲ್ಲವೇ ಸಂಸ್ಥೆಯ ಆಡಳಿತ ಮಂಡಳಿಯ ಹತ್ತಿರ ಬರವಣಿಗೆಯಲ್ಲಿ ಹೇಳಬೇಕು. "ತುಂಬಾ ಒತ್ತಡವಾಗುತ್ತಿದೆ ಸರ್" ಅಂದರೆ "ಎಲ್ಲರಿಗೂ ಇದ್ದದ್ದೇ ಬಿಡಿ" ಅನ್ನುವ ಉತ್ತರ ಬರುತ್ತದೆ. ಹೀಗೆ ಬರೆಯಿರಿ: ತರಗತಿಯಲ್ಲಿ ಇಷ್ಟು ಮಕ್ಕಳು. ಅವರಲ್ಲಿ ಎತ್ತಿ ಕೂರಿಸಬೇಕಾದವರು ಇಷ್ಟು, ಫಿಟ್ಸ್ ಬರುವವರು ಇಷ್ಟು, ಊಟ ಮಾಡಿಸಬೇಕಾದವರು ಇಷ್ಟು. ಆಯಾ ಇಲ್ಲದ ದಿನಗಳು ಕಳೆದ ತಿಂಗಳಲ್ಲಿ ಇಷ್ಟು. ನನ್ನ ಕೋರಿಕೆ ಇದು.

ಸಾಮಾನ್ಯ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಕಾನೂನಿನ ಆಸರೆಯೂ ಇದೆ. ವಿಶೇಷ ಶಿಕ್ಷಕರ ನೇಮಕದ ಬಗ್ಗೆ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ನಿರ್ದೇಶನ ಕೊಟ್ಟಿತು. ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ 1ರಿಂದ 5ನೇ ತರಗತಿಯವರೆಗೆ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು. 6ರಿಂದ 8ರವರೆಗೆ ಹದಿನೈದು ಮಕ್ಕಳಿಗೆ ಒಬ್ಬರು. ಬಿಐಇಆರ್‌ಟಿಗಳಿಗೆ, ಅಂದರೆ ಬ್ಲಾಕ್ ಮಟ್ಟದಲ್ಲಿ ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಹೋಗಿ ಪಾಠ ಮಾಡುವ ಸಂಪನ್ಮೂಲ ಶಿಕ್ಷಕರಿಗೆ ಈ ಅಂಕಿ ಗೊತ್ತಿರಲೇಬೇಕು. ನಾಳೆಯೇ ಹೊಸ ಹುದ್ದೆ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಡೀ ತಾಲೂಕಿನ ಮಕ್ಕಳನ್ನು ಒಂದಿಬ್ಬರು ನೋಡಿಕೊಳ್ಳುವಾಗ ಉಳಿದುಹೋಗುವ ಕೆಲಸವನ್ನು ನಿಮ್ಮ ತಪ್ಪು ಅಂತ ತಲೆ ಮೇಲೆ ಹೊತ್ತುಕೊಳ್ಳಬೇಡಿ.

ಎಚ್ಚರಿಕೆ: ಮನವಿ ಕೊಟ್ಟಾಗ ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ, ದಿನಾಂಕ ಹಾಕಿಸಿಕೊಳ್ಳಿ. ಗೌರವಧನದ ಮೇಲೆ ದುಡಿಯುವವರು ಒಬ್ಬರೇ ಬರೆಯುವುದಕ್ಕಿಂತ ಎಲ್ಲರೂ ಸೇರಿ ಸಹಿ ಹಾಕುವುದು ಮೇಲು.

ಹಂತ 3: ಕಷ್ಟದ ಘಟನೆ ಆದ ಮೇಲಿನ ಒಂದು ಗಂಟೆ

ಆಟಿಸಂ ಇರುವ ಮಗು ಕಿರುಚಿ, ತಲೆ ಚಚ್ಚಿಕೊಂಡು, ಹಿಡಿಯಲು ಹೋದವರನ್ನು ಪರಚುವುದನ್ನು ಮೆಲ್ಟ್‌ಡೌನ್ ಅನ್ನುತ್ತೇವೆ. ಸದ್ದು, ಬೆಳಕು, ಬದಲಾವಣೆ ತಡೆಯಲಾರದೆ ಮಗು ಕೈಮೀರಿ ಹೋಗುವ ಹೊತ್ತು ಅದು. ಬೇಕು ಅಂತ ಮಾಡುವ ಹಠವಲ್ಲ. ಇದೆಲ್ಲ ನಿಮಗೆ ತರಬೇತಿಯಲ್ಲೇ ಹೇಳಿಕೊಟ್ಟಿರುತ್ತಾರೆ. ಆದರೆ ಅದಾದ ಮೇಲೆ ನಿಮ್ಮ ಕೈ ನಡುಗುವುದಕ್ಕೆ ಏನು ಮಾಡಬೇಕು ಅಂತ ಹೇಳಿಕೊಟ್ಟಿರುವುದಿಲ್ಲ. ಎಷ್ಟೋ ಜನ ಮುಂಗೈ ಮೇಲಿನ ಉಗುರಿನ ಗೀರು ಕಾಣದಿರಲಿ ಅಂತ ಬೇಸಿಗೆಯಲ್ಲೂ ಉದ್ದ ತೋಳು ಹಾಕುತ್ತಾರೆ. ಮನೆಯಲ್ಲಿ ಕೇಳಿದರೆ "ಗಿಡ ತರಚಿತು" ಅನ್ನುತ್ತಾರೆ.

ಮಗು ಶಾಂತವಾದ ಮೇಲೆ ತರಗತಿಯನ್ನು ಸ್ವಲ್ಪ ಹೊತ್ತು ಇನ್ನೊಬ್ಬರಿಗೆ ಒಪ್ಪಿಸಿ. ಹೊರಗೆ ಬಂದು ನೀರು ಕುಡಿಯಿರಿ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ, ಕೆಲವು ಸಲ. ಗಾಯ ನೋಡಿಕೊಳ್ಳಿ. ಕಚ್ಚಿ ರಕ್ತ ಬಂದಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ವೈದ್ಯರಿಗೆ ತೋರಿಸಿ. ಅಷ್ಟಾದ ಮೇಲೆ ಬರೆಯಿರಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಇದಕ್ಕೆ ಎಬಿಸಿ ದಾಖಲೆ ಅಂತ ಹೆಸರು.

ಈ ದಾಖಲೆ ಮಗುವಿಗಾಗಿ ಇರುವುದು ನಿಜ. ಆದರೆ ಅದು ನಿಮ್ಮ ಮನಸ್ಸಿಗೂ ಕೆಲಸ ಮಾಡುತ್ತದೆ. ಒಬ್ಬ ಹುಡುಗ ದಿನವೂ ಮಧ್ಯಾಹ್ನ ಊಟಕ್ಕೆ ಮುಂಚೆಯೇ ಹೊಡೆಯುತ್ತಾನೆ ಅಂದುಕೊಳ್ಳಿ. ಒಂದು ವಾರ ಬರೆದ ಮೇಲೆ ಕಾಣಿಸುತ್ತದೆ: ಆ ಹೊತ್ತಿಗೆ ಸರಿಯಾಗಿ ಬಿಸಿಯೂಟದ ಅಡುಗೆಕೋಣೆಯಲ್ಲಿ ಸ್ಟೀಲ್ ತಟ್ಟೆಗಳನ್ನು ಸುರಿಯುತ್ತಾರೆ. "ಇವನು ನನ್ನನ್ನೇ ಯಾಕೆ ಹೊಡೆಯುತ್ತಾನೆ" ಅನ್ನುವ ನೋವು ಹೋಗಿ, "ತಟ್ಟೆ ಸದ್ದಿಗೆ ಏನು ಮಾಡೋಣ" ಅನ್ನುವ ಪ್ರಶ್ನೆ ಉಳಿಯುತ್ತದೆ. ಪ್ರಶ್ನೆಗೆ ಉತ್ತರ ಹುಡುಕಬಹುದು. ಆ ಹುಡುಗನನ್ನು ಐದು ನಿಮಿಷ ಮೊದಲೇ ಮೈದಾನದ ಆ ಕಡೆ ಕರೆದೊಯ್ಯಬಹುದು.

ಎಚ್ಚರಿಕೆ: ಕೈ ನಡುಗುತ್ತಿರುವಾಗ ಮಗುವಿನ ತಂದೆ ತಾಯಿಗೆ ಫೋನ್ ಮಾಡಬೇಡಿ. ಮಗುವಿಗೆ ಪೆಟ್ಟು ಬಿದ್ದಿದ್ದರೆ ತಕ್ಷಣ ತಿಳಿಸಲೇಬೇಕು, ಆಗ ಮುಖ್ಯ ಶಿಕ್ಷಕರೇ ಮಾತಾಡಲಿ. ಹಾಗೆಯೇ, ನಡೆದದ್ದನ್ನು ಅವತ್ತೇ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ. ಮಗುವಿನ ಮೇಲೆ ಕೈ ಎತ್ತಿಬಿಡುತ್ತೇನೇನೋ ಅನ್ನುವಷ್ಟು ಸಿಟ್ಟು ಬರುತ್ತಿದ್ದರೆ ಹಂತ 7ಕ್ಕೆ ನೇರ ಹೋಗಿ. ಅದು ಕಾಯುವ ವಿಷಯವಲ್ಲ.

ಹಂತ 4: ಮಗುವಿನ ಕಲಿಕೆ ನಿಮ್ಮ ಕಣ್ಣಿಗೆ ಕಾಣುವ ಹಾಗೆ ಬರೆದಿಡಿ

"ಎಷ್ಟು ಮಾಡಿದರೂ ಅಷ್ಟೇ" ಅನ್ನುವ ಭಾವನೆ ವಿಶೇಷ ಶಿಕ್ಷಕರನ್ನು ಒಳಗಿಂದ ತಿನ್ನುತ್ತದೆ. ಪಕ್ಕದ ತರಗತಿಯ ಟೀಚರ್‌ಗೆ ಮಾರ್ಚ್‌ನಲ್ಲಿ ಅಂಕಪಟ್ಟಿ ಸಿಗುತ್ತದೆ. ನಿಮಗೆ ಸಿಗುವುದು ಅಷ್ಟು ಸುಲಭವಾಗಿ ಕಾಣುವ ಫಲವಲ್ಲ.

ಐಇಪಿ, ಅಂದರೆ ಪ್ರತಿ ಮಗುವಿಗೂ ಬೇರೆಯಾಗಿ ಬರೆಯುವ ಶಿಕ್ಷಣ ಯೋಜನೆಯಲ್ಲಿ, "ಅಂಗಿ ಹಾಕಿಕೊಳ್ಳುವುದು" ಅಂತ ಒಂದೇ ಸಾಲು ಬರೆದರೆ ಇಡೀ ವರ್ಷ "ಬರುವುದಿಲ್ಲ" ಅನ್ನುವ ಉತ್ತರವೇ ಸಿಗುತ್ತದೆ. ಅದನ್ನು ಒಡೆಯಿರಿ. ಗುಂಡಿ ಹಾಕುವುದೊಂದನ್ನೇ ತೆಗೆದುಕೊಳ್ಳಿ. ಎಡಗೈಯಲ್ಲಿ ಕಾಜಾ ಇರುವ ಅಂಚನ್ನು ಹಿಡಿಯುವುದು. ಬಲಗೈ ಹೆಬ್ಬೆರಳು ತೋರುಬೆರಳ ನಡುವೆ ಗುಂಡಿ ಹಿಡಿಯುವುದು. ಗುಂಡಿಯನ್ನು ಅಡ್ಡಕ್ಕೆ ತಿರುಗಿಸುವುದು. ಅರ್ಧ ತೂರಿಸುವುದು. ಆ ಕಡೆಯಿಂದ ಎಳೆಯುವುದು. ಪ್ರತಿ ಹೆಜ್ಜೆಗೂ ಗುರುತು ಹಾಕಿ: ಕೈ ಹಿಡಿದು ಮಾಡಿಸಿದೆ, ಬಾಯಲ್ಲಿ ಹೇಳಿದೆ, ತಾನೇ ಮಾಡಿತು. ಹೀಗೆ ಒಡೆಯುವುದಕ್ಕೆ ಕಾರ್ಯ ವಿಶ್ಲೇಷಣೆ ಅನ್ನುತ್ತಾರೆ. ಜೂನ್‌ನಲ್ಲಿ ಐದೂ ಹೆಜ್ಜೆಗೆ ಕೈ ಹಿಡಿಯಬೇಕಿತ್ತು, ಸೆಪ್ಟೆಂಬರ್‌ನಲ್ಲಿ ಎರಡಕ್ಕೆ ಬಾಯಲ್ಲಿ ಹೇಳಿದರೆ ಸಾಕು. ಅದು ನಿಮ್ಮ ಮೂರು ತಿಂಗಳ ದುಡಿಮೆ. ಕಾಗದದ ಮೇಲೆ ಇಲ್ಲದಿದ್ದರೆ ನೀವೇ ಅದನ್ನು ಮರೆತುಬಿಡುತ್ತೀರಿ.

ಆದರೆ ಎಲ್ಲ ಮಕ್ಕಳೂ ಮುಂದಕ್ಕೇ ಹೋಗುವುದಿಲ್ಲ. ಬೇಸಿಗೆ ರಜೆ ಮುಗಿಸಿ ಬಂದಾಗ ಕಲಿತದ್ದು ಹಿಂದೆ ಸರಿದಿರುತ್ತದೆ. ಫಿಟ್ಸ್ ಜಾಸ್ತಿಯಾದ ಮೇಲೆ ಮಾತು ಕಮ್ಮಿಯಾಗಬಹುದು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇರುವ ಹುಡುಗರಲ್ಲಿ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೋಲುತ್ತವೆ. ಹೋದ ವರ್ಷ ನಡೆಯುತ್ತಿದ್ದವನು ಈ ವರ್ಷ ಗಾಲಿಕುರ್ಚಿಯಲ್ಲಿ ಬರುತ್ತಾನೆ. ಇಂಥ ಕಡೆ ಗುರಿಯನ್ನೇ ಬದಲಿಸಿ. ಇರುವುದನ್ನು ಉಳಿಸಿಕೊಳ್ಳುವುದು ಒಂದು ಗುರಿ. ನೋವಿಲ್ಲದೆ ಕೂರಿಸುವುದು, ಅವನಿಗೆ ಬೇಕಾದದ್ದನ್ನು ಅವನೇ ಹೇಳುವ ಹಾಗೆ ಮಾಡುವುದು, ಗೆಳೆಯರ ಜೊತೆ ಇರಿಸುವುದು ಕೂಡ ಗುರಿಗಳೇ. ಐಇಪಿಯಲ್ಲಿ ಹಾಗೇ ಬರೆಯಿರಿ. ಕಾಯಿಲೆ ಮಾಡಿದ್ದಕ್ಕೆ ನಿಮ್ಮ ಪಾಠವನ್ನು ಹೊಣೆ ಮಾಡಬೇಡಿ.

ಹಂತ 5: ಪೋಷಕರ ಜೊತೆ ಹೊತ್ತು, ಮಾತು, ಎಲ್ಲೆ

ಫೋನಿಗೆ ಒಂದು ಸಮಯ ಇಟ್ಟುಕೊಳ್ಳಿ. ಸಂಜೆ ಐದರಿಂದ ಆರು ಅಂತಿಟ್ಟುಕೊಳ್ಳಿ. ವರ್ಷದ ಮೊದಲ ಸಭೆಯಲ್ಲೇ ಹೇಳಿ, ತುರ್ತಿಗೆ ಮಾತ್ರ ಬೇರೆ ಹೊತ್ತು. ನಡುವೆ ಹೇಳಿದರೆ "ಮೇಡಂ ಬದಲಾಗಿಬಿಟ್ಟರು" ಅನಿಸುತ್ತದೆ.

"ನಮ್ಮ ಮಗು ಯಾವಾಗ ಸರಿಹೋಗುತ್ತೆ ಟೀಚರ್?" ಅನ್ನುವ ಪ್ರಶ್ನೆಗೆ ಏನು ಹೇಳಬೇಕು ಅಂತ ತುಂಬಾ ಜನ ಕೇಳಿದ್ದೀರಿ. ಸುಳ್ಳು ಭರವಸೆ ಕೊಟ್ಟರೆ ಅದರ ಭಾರ ನಿಮ್ಮ ಮೇಲೇ ಬೀಳುತ್ತದೆ. ಹೀಗೆ ಹೇಳಬಹುದು: "ಎಷ್ಟು ಕಲಿಯುತ್ತಾಳೆ ಅಂತ ಈಗಲೇ ಹೇಳಲು ನನ್ನಿಂದ ಆಗಲ್ಲಮ್ಮ. ಈ ಮೂರು ತಿಂಗಳಲ್ಲಿ ಲೋಟ ಹಿಡಿದು ಕುಡಿಯುವುದನ್ನು ಕಲಿಸೋಣ. ನೀವು ಮನೆಯಲ್ಲಿ ಬೆಳಿಗ್ಗೆ ಒಂದು ಸಲ ಮಾಡಿಸಿ." ಅವರು ಅತ್ತರೆ ಅಳಲಿ. ಸುಮ್ನೆ ಪಕ್ಕದಲ್ಲಿ ಕೂತಿದ್ದರೂ ಸಾಕು.

ನಿಮ್ಮದಲ್ಲದ ಕೆಲಸವನ್ನು ಸರಿಯಾದ ಜಾಗಕ್ಕೆ ದಾಟಿಸಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಸಾಶನ, ಬಸ್ ಪಾಸ್ ಇವಕ್ಕೆಲ್ಲ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲೂಕು ಪಂಚಾಯಿತಿಯಲ್ಲಿ ಎಂಆರ್‌ಡಬ್ಲ್ಯು ಅನ್ನುವ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅರ್ಜಿ ತುಂಬಿ, ಬಸ್ಸು ಹತ್ತಿಸಿ, ಆಸ್ಪತ್ರೆ ಕ್ಯೂನಲ್ಲಿ ನಿಲ್ಲುವವರೆಗೂ ನೀವೇ ಹೋದರೆ ಪಾಠಕ್ಕೆ ಏನು ಉಳಿಯುತ್ತದೆ?

ಹಂತ 6: ಮಗು ತೀರಿಕೊಂಡಾಗ

ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ನಿಲ್ಲದ ಫಿಟ್ಸ್, ಸ್ನಾಯುಗಳ ಕಾಯಿಲೆ ಇರುವ ಮಕ್ಕಳನ್ನು ಕಳೆದುಕೊಳ್ಳುವುದು ಈ ವೃತ್ತಿಯಲ್ಲಿ ಇದೆ. ಮನೆ ಆಧಾರಿತ ಶಿಕ್ಷಣಕ್ಕೆ ಹೋಗುವವರಿಗೆ ಇದು ಇನ್ನೂ ಹತ್ತಿರ. ಆ ಮನೆಯ ಜಗಲಿ ಮೇಲೆ ಕೂತು ಕಾಫಿ ಕುಡಿದಿರುತ್ತೀರಿ, ಮಗುವಿನ ಜೊಲ್ಲು ಒರೆಸಿರುತ್ತೀರಿ. ಆಮೇಲೆ ಒಂದು ದಿನ ಫೋನ್ ಬರುತ್ತದೆ. ಮರುದಿನ ಹತ್ತು ಗಂಟೆಗೆ ಇನ್ನೊಂದು ಮನೆಗೆ ಹೋಗಬೇಕು.

ಊರಿನವರು "ಬಿಡಿ, ಪಾಪ, ಬಿಡುಗಡೆ ಸಿಕ್ಕಿತು" ಅನ್ನುತ್ತಾರೆ. ಆ ಮಾತಿಗೆ ತಲೆ ಆಡಿಸಬೇಕಾಗಿಲ್ಲ. ನಿಮಗೆ ಆ ಮಗು ನಕ್ಕಿದ್ದು ಗೊತ್ತು. ನಿಮ್ಮ ದುಃಖ ನ್ಯಾಯವಾದದ್ದು.

ಮನೆಗೆ ಹೋಗಿ ಬನ್ನಿ. ತಿಥಿಗೆ ಕರೆದರೆ ಹೋಗಿ. ಮಗು ಬಿಡಿಸಿದ ಚಿತ್ರ, ಬಣ್ಣ ಹಚ್ಚಿದ ಹಾಳೆ ಇದ್ದರೆ ತಾಯಿಗೆ ಕೊಡಿ, ಅವರಿಗೆ ಬೇಕಾ ಅಂತ ಮೊದಲು ಕೇಳಿ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆಯುವ ಕೆಲಸ ಕಷ್ಟವೆನಿಸಿದರೆ ಮುಖ್ಯ ಶಿಕ್ಷಕರಿಗೆ ಮಾಡಿಕೊಡಿ ಅಂತ ಕೇಳಿ. ಮರುದಿನವೇ ಆ ಜಾಗಕ್ಕೆ ಹೊಸ ಮಗುವನ್ನು ಕೂರಿಸಬೇಡಿ.

ಉಳಿದ ಮಕ್ಕಳಿಗೆ ನೇರವಾಗಿ ಹೇಳಿ: "ಅವಳಿಗೆ ತುಂಬಾ ಹುಷಾರಿಲ್ಲದೆ ತೀರಿಕೊಂಡಳು. ಇನ್ನು ಶಾಲೆಗೆ ಬರುವುದಿಲ್ಲ. ನನಗೆ ದುಃಖ ಆಗಿದೆ." "ಊರಿಗೆ ಹೋಗಿದ್ದಾಳೆ" ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳು ಅದನ್ನು ಹಾಗೇ ನಂಬಿ ದಿನವೂ ಬಾಗಿಲು ನೋಡುತ್ತಾರೆ. ದಿನವೂ ಅದಕ್ಕೆ ಉತ್ತರ ಕೊಡಬೇಕಾದವರು ನೀವೇ. ಮಕ್ಕಳ ಮುಂದೆ ಕಣ್ಣೀರು ಬಂದರೆ ತಪ್ಪಿಲ್ಲ. ಒರೆಸಿಕೊಂಡು ಪಾಠ ಶುರು ಮಾಡಿ.

ಎಚ್ಚರಿಕೆ: ಆ ಮನೆಯ ಗೋಳೆಲ್ಲ ನಿಮ್ಮದೇ ಅನ್ನುವ ಹಾಗೆ ವಾರಕ್ಕೆ ಮೂರು ಸಲ ಹೋಗಬೇಡಿ. ತಿಂಗಳ ಮೇಲೂ ನಿದ್ದೆ ಬಾರದಿದ್ದರೆ, ಬೇರೆ ಮಕ್ಕಳಿಗೂ ಹಾಗೇ ಆಗುತ್ತದೆ ಅನ್ನುವ ಭಯ ಬಿಡದಿದ್ದರೆ ಮುಂದಿನ ಹಂತ ನಿಮಗಾಗಿ.

ಹಂತ 7: ಯಾವಾಗ, ಯಾರ ಹತ್ತಿರ ಹೋಗಬೇಕು

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಜೊತೆಗೆ ನಿದ್ದೆ ಊಟ ಕೆಟ್ಟಿದ್ದರೆ ಅದು ಬರೀ ಕೆಲಸದ ದಣಿವು ಅಲ್ಲದಿರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ.

ಟೆಲಿ ಮಾನಸ್ ಅನ್ನುವುದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ತೋಚದಿದ್ದರೆ ಹಂತ 1ರ ನೋಟ್‌ಬುಕ್ಕಿನಿಂದ ಎರಡು ಸಾಲು ಓದಿ. ಎದುರಿಗೇ ಕೂತು ಮಾತಾಡಬೇಕೆನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಅಂತಲೂ ವಿಚಾರಿಸಿ.

"ಕೆಲಸಕ್ಕೆ ಕುತ್ತು ಬರುತ್ತಾ?" ಅನ್ನುವ ಭಯ ಎಲ್ಲರಿಗೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿ ಇರಬೇಕು ಅನ್ನುವ ಹಕ್ಕನ್ನು ನಿಮಗೆ ಕೊಟ್ಟಿದೆ. ವೈದ್ಯರು ನಿಮ್ಮ ಶಾಲೆಗೆ ಫೋನ್ ಮಾಡಿ ಹೇಳುವ ಹಾಗಿಲ್ಲ.

ಎಚ್ಚರಿಕೆ: ಗೆಳತಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ನೀವು ನುಂಗಬೇಡಿ. ವೈದ್ಯರು ಕೊಟ್ಟ ಮಾತ್ರೆಯನ್ನು "ಈಗ ಸರಿಹೋಯಿತು" ಅಂತ ನೀವೇ ನಿಲ್ಲಿಸಲೂಬೇಡಿ.

ಹಂತ 8: ನಾಲ್ಕೈದು ಜನ ಸೇರಿ

ವಿಶೇಷ ಶಿಕ್ಷಕರು ಶಾಲೆಯಲ್ಲಿ ಬಹುತೇಕ ಒಂಟಿ. ಸ್ಟಾಫ್ ರೂಮಿನಲ್ಲಿ ಉಳಿದವರಿಗೆ ನಿಮ್ಮ ಕೆಲಸ ಅರ್ಥವಾಗುವುದಿಲ್ಲ. ತಾಲೂಕಿನ ನಾಲ್ಕೈದು ಜನ ತಿಂಗಳಿಗೊಮ್ಮೆ ಒಂದು ಗಂಟೆ ಸೇರಿ. ನಿಮ್ಮ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಉಳಿಸಿಕೊಳ್ಳಲು ಹೇಗೂ ಸಿಆರ್‌ಇ, ಅಂದರೆ ಮುಂದುವರಿಕೆ ತರಬೇತಿಗಳಿಗೆ ಹೋಗುತ್ತೀರಿ. ಜೊತೆ ಸಿಗುವುದು ಅಲ್ಲಿಯೇ, ಫೋನ್ ನಂಬರ್ ತೆಗೆದುಕೊಳ್ಳಿ. ಸೇರಿದಾಗ ಒಬ್ಬರು ಒಂದು ಕಷ್ಟ ಹೇಳಲಿ, ಉಳಿದವರು ಮೊದಲು ಬರೀ ಕೇಳಿಸಿಕೊಳ್ಳಲಿ. ಸಲಹೆ ಬೇಕಾ ಅಂತ ಕೇಳಿದ ಮೇಲೇ ಸಲಹೆ. ಮಕ್ಕಳ ಹೆಸರು ಹೊರಗೆ ಹೋಗಬಾರದು. ಅಧಿಕಾರಿಗಳನ್ನು ಬೈಯುವುದಕ್ಕೇ ಗಂಟೆಯೆಲ್ಲ ಮುಗಿದರೆ ಮುಂದಿನ ತಿಂಗಳು ಯಾರೂ ಬರುವುದಿಲ್ಲ.

ಹಂತ 9: ಇಷ್ಟಾದರೂ ಬಿಡಬೇಕೆನಿಸಿದರೆ

ಬಿಡಬಹುದು. ಆದರೆ ಮೆಲ್ಟ್‌ಡೌನ್ ಆದ ದಿನ, ಮಗು ತೀರಿಕೊಂಡ ವಾರ ರಾಜೀನಾಮೆ ಬರೆಯಬೇಡಿ. ಮೊದಲು ವಿಭಾಗ ಬದಲಿಸಿ ನೋಡಿ. ತೀವ್ರ ತೊಂದರೆ ಇರುವ ಮಕ್ಕಳ ತರಗತಿಯಿಂದ ಶೀಘ್ರ ಪತ್ತೆಯ ಕೆಲಸಕ್ಕೆ, ಹದಿನೆಂಟು ದಾಟಿದವರ ವೃತ್ತಿ ತರಬೇತಿಗೆ, ಸಾಮಾನ್ಯ ಶಾಲೆಯ ಸಂಪನ್ಮೂಲ ಕೊಠಡಿಗೆ (ವಿಶೇಷ ಮಕ್ಕಳಿಗೆ ಬೇರೆಯಾಗಿ ಪಾಠ ಮಾಡುವ ಕೋಣೆ) ಹೋಗಿ ಚೇತರಿಸಿಕೊಂಡವರಿದ್ದಾರೆ.

ಹೊರಟೇ ಹೊರಡುವುದಾದರೆ ಶೈಕ್ಷಣಿಕ ವರ್ಷದ ಕೊನೆಗೆ ಹೊರಡಿ. ಎರಡು ಮೂರು ವಾರ ಮೊದಲೇ ಮಕ್ಕಳಿಗೆ ಕ್ಯಾಲೆಂಡರ್ ತೋರಿಸಿ "ಈ ದಿನದವರೆಗೆ ನಾನು ಬರುತ್ತೇನೆ" ಅಂತ ಹೇಳಿ, ಹೊಸ ಶಿಕ್ಷಕರ ಫೋಟೋ ತೋರಿಸಿ. ಐಇಪಿ, ಎಬಿಸಿ ದಾಖಲೆ, ಯಾರಿಗೆ ಯಾವ ಸದ್ದು ಆಗಲ್ಲ, ಯಾರು ಹೇಗೆ ನೀರು ಕೇಳುತ್ತಾರೆ ಅನ್ನುವುದನ್ನೆಲ್ಲ ಮುಂದಿನವರಿಗೆ ಬರೆದುಕೊಡಿ. ಅನುಭವ ಪತ್ರ, ಬಾಕಿ ಗೌರವಧನದ ಲೆಕ್ಕ ಕೈಗೆ ತೆಗೆದುಕೊಳ್ಳಿ. ಪುನರ್ವಸತಿ ಪರಿಷತ್ತಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಮುಂದೆ ವಾಪಸ್ ಬರಬೇಕೆನಿಸಿದಾಗ ಅದು ಬೇಕಾಗುತ್ತದೆ.